ಉಪ್ಪುನೀರಿನ ಅಕ್ವೇರಿಯಂಗೆ ಹೊಸ ಮೀನು: ಕ್ವಾರಂಟೈನ್‌ನಲ್ಲೇ ಪರಾವಲಂಬಿಗಳನ್ನು ತೊಲಗಿಸುವ ಸಮಗ್ರ ಮಾರ್ಗದರ್ಶಿ

ಅಂಗಡಿಯಿಂದ ತಂದ ಸಮುದ್ರದ ಮೀನನ್ನು ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಡಬೇಡಿ. ಮೀನು ಎಷ್ಟೇ ಚೆನ್ನಾಗಿ ಕಾಣಲಿ, ಕೊಟ್ಟವರು ಎಷ್ಟೇ ಪರಿಚಯದವರಾಗಿರಲಿ. ಹೆಚ್ಚಿನ ಅಂಗಡಿಗಳಲ್ಲಿ ಸಾಲು ಸಾಲು ಟ್ಯಾಂಕುಗಳಿಗೆ ಒಂದೇ ನೀರು ಸುತ್ತುತ್ತಿರುತ್ತದೆ. ಒಂದು ಮೀನಿಗೆ ಅಂಟಿದ್ದು ಅಷ್ಟೂ ಟ್ಯಾಂಕುಗಳಿಗೆ ಹರಡಲು ಹೆಚ್ಚು ಹೊತ್ತು ಬೇಕಿಲ್ಲ.

ದೊಡ್ಡ ಟ್ಯಾಂಕಿಗೆ ಒಮ್ಮೆ ಪರಾವಲಂಬಿ ಹೊಕ್ಕರೆ ಅಲ್ಲಿ ಔಷಧ ಹಾಕುವ ಹಾಗೂ ಇಲ್ಲ. ತಾಮ್ರ ಹಾಕಿದರೆ ಹವಳ, ಸೀಗಡಿ, ಏಡಿ, ಬಸವನಹುಳು ಎಲ್ಲ ಸಾಯುತ್ತವೆ. ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿದ ಸಮುದ್ರದ ಕಲ್ಲು) ಮತ್ತು ಮರಳು ತಾಮ್ರವನ್ನು ಹೀರಿಕೊಂಡು ಇಟ್ಟುಕೊಳ್ಳುತ್ತವೆ. ಹಾಗಾಗಿ ಚಿಕಿತ್ಸೆಗೆ ಇರುವ ಒಂದೇ ಜಾಗ ಕ್ವಾರಂಟೈನ್ ಟ್ಯಾಂಕ್, ಅಂದರೆ ಹೊಸ ಮೀನನ್ನು ಬೇರೆಯಾಗಿ ಇಡುವ ಸಣ್ಣ ಟ್ಯಾಂಕ್.

ಈ ಕೆಲಸದಲ್ಲಿ ಔಷಧ ಸಿಗುವುದು ಕಷ್ಟವಲ್ಲ. ಅದನ್ನು ಸರಿಯಾದ ಅಳತೆಯಲ್ಲಿ, ಸರಿಯಾದಷ್ಟು ದಿನ ಬಿಡದೆ ಇಡುವುದು ಕಷ್ಟ. ಮೈಮೇಲಿನ ಚುಕ್ಕೆ ಹೋಯಿತು ಅಂತ ಅರ್ಧಕ್ಕೆ ನಿಲ್ಲಿಸಿದವರ ಮೀನುಗಳೇ ಜಾಸ್ತಿ ಸಾಯುತ್ತವೆ. ಯಾಕೆ ಅಂತ ಗೊತ್ತಾಗಬೇಕಾದರೆ ಮೊದಲು ಆ ಪರಾವಲಂಬಿಗಳು ಬದುಕುವ ರೀತಿ ತಿಳಿಯಬೇಕು.

ಮೊದಲು ರೋಗ ಗುರುತಿಸಿ

ಎಲ್ಲರೂ ಕೇಳಿರುವುದು ಮೆರೈನ್ ಇಚ್. ಕನ್ನಡದಲ್ಲಿ ಬಿಳಿಚುಕ್ಕೆ ರೋಗ ಅನ್ನಬಹುದು. ಇದಕ್ಕೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಸಿಹಿನೀರಿನ ಮೀನುಗಳಿಗೆ ಬರುವ ಇಚ್ ಬೇರೆ, ಇದು ಬೇರೆ. ಅಲ್ಲಿ ಮಾಡುವಂತೆ ಹೀಟರ್ ಏರಿಸಿ ಒಂದಿಷ್ಟು ಉಪ್ಪು ಹಾಕಿದರೆ ಇಲ್ಲಿ ಏನೂ ಆಗುವುದಿಲ್ಲ. ಸಮುದ್ರದ ಪರಾವಲಂಬಿಗೆ ಉಪ್ಪಿನ ಭಯ ಎಲ್ಲಿಯದು? ಬಿಸಿ ಏರಿಸಿದರೆ ಅದರ ಜೀವನಚಕ್ರ ಇನ್ನೂ ಬೇಗ ತಿರುಗುತ್ತದೆ, ನೀರಿನಲ್ಲಿ ಆಮ್ಲಜನಕವೂ ಕಡಿಮೆಯಾಗುತ್ತದೆ.

ಇದು ಬದುಕುವುದು ಹೀಗೆ. ಮೀನಿನ ಚರ್ಮದ ಒಳಗೆ ಸೇರಿಕೊಂಡು 3ರಿಂದ 7 ದಿನ ತಿನ್ನುತ್ತದೆ. ನಮಗೆ ಕಾಣುವ ಬಿಳಿಚುಕ್ಕೆ ಈ ಹಂತದ್ದು. ಆಮೇಲೆ ತಾನಾಗಿಯೇ ಉದುರಿ, ಟ್ಯಾಂಕಿನ ತಳದಲ್ಲೋ ಗೋಡೆಗೋ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ಒಂದು ಜೀವಿ ಒಡೆದು ಒಡೆದು ನೂರಾರಾಗುತ್ತದೆ. ಕವಚ ಒಡೆದು ಮರಿಗಳು ಹೊರಬರಲು ಸಾಮಾನ್ಯವಾಗಿ 3ರಿಂದ 28 ದಿನ ಬೇಕು. ಒಂದು ತಳಿಯಲ್ಲಿ 72 ದಿನ ಹಿಡಿದದ್ದೂ ದಾಖಲಾಗಿದೆ. ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅದು ಸಾಯುತ್ತದೆ.

ಇದರಲ್ಲಿ ಔಷಧ ಮುಟ್ಟುವುದು ಯಾವ ಹಂತವನ್ನು? ನೀರಿನಲ್ಲಿ ಈಜಾಡುವ ಮರಿಯನ್ನು ಮಾತ್ರ. ಚರ್ಮದೊಳಗೆ ಇರುವಾಗ ಅದು ಸುರಕ್ಷಿತ, ಕವಚದೊಳಗೆ ಇರುವಾಗಲೂ ಸುರಕ್ಷಿತ. ಅಂದರೆ ಚುಕ್ಕೆ ಮಾಯವಾದ ದಿನ ರೋಗ ವಾಸಿಯಾದ ದಿನವಲ್ಲ. ಅಷ್ಟೂ ಜೀವಿಗಳು ಮೀನನ್ನು ಬಿಟ್ಟು ಕೆಳಗೆ ಕವಚ ಕಟ್ಟಿಕೊಂಡಿವೆ, ಅಷ್ಟೇ.

ಎರಡನೆಯದು ವೆಲ್ವೆಟ್. ಅಮೈಲೋಡಿನಿಯಂ ಎಂಬ ಜೀವಿ ತರುವ ರೋಗ. ನನ್ನ ಪ್ರಕಾರ ಹೆಚ್ಚು ಹೆದರಬೇಕಾದದ್ದು ಇದಕ್ಕೆ. ಇಚ್ ಮೀನಿಗೆ ವಾರಗಳ ಕಾಲಾವಕಾಶ ಕೊಡಬಹುದು, ವೆಲ್ವೆಟ್ ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿ ಮಾಡಬಲ್ಲದು. ಒಂದು ಜೀವಿಯಿಂದ 256 ಮರಿಗಳವರೆಗೆ ಹುಟ್ಟುತ್ತವೆ. ಮೊದಲು ದಾಳಿ ಮಾಡುವುದು ಕಿವಿರಿಗೆ. ಹಾಗಾಗಿ ಎಷ್ಟೋ ಸಲ ಮೈಮೇಲೆ ಏನೂ ಕಾಣುವ ಮೊದಲೇ ಮೀನು ಸತ್ತಿರುತ್ತದೆ.

ಇವೆರಡನ್ನು ಬೇರೆ ಮಾಡಿ ನೋಡುವುದನ್ನು ಕಲಿಯಿರಿ. ರೂಮಿನ ದೀಪ ಆರಿಸಿ, ಟಾರ್ಚನ್ನು ಮೀನಿನ ಬದಿಯಿಂದ ಓರೆಯಾಗಿ ಹಿಡಿಯಿರಿ. ನೇರವಾಗಿ ಬಿಟ್ಟರೆ ಬೆಳಕು ಚೆದುರಿ ಏನೂ ತಿಳಿಯುವುದಿಲ್ಲ. ಮೀನು ತಿರುಗುವ ಕ್ಷಣದಲ್ಲಿ ಬೆನ್ನು ಮತ್ತು ರೆಕ್ಕೆಯ ಅಂಚನ್ನು ಗಮನಿಸಿ. ರವೆ ಉದುರಿಸಿದ ಹಾಗೆ ಒಂದೊಂದೂ ಎಣಿಸುವಂತೆ ಕಂಡರೆ ಇಚ್. ಮೈದಾ ಹಿಟ್ಟು ಸವರಿದ ಹಾಗೆ, ಎಣಿಸಲಾಗದಷ್ಟು ಸಣ್ಣಗೆ, ಸ್ವಲ್ಪ ಹಳದಿ ಹೊಳಪಿನಲ್ಲಿ ಕಂಡರೆ ವೆಲ್ವೆಟ್. ನಡವಳಿಕೆಯೂ ಹೇಳುತ್ತದೆ. ವೆಲ್ವೆಟ್ ಬಂದ ಮೀನು ಬೆಳಕಿನಿಂದ ತಪ್ಪಿಸಿಕೊಂಡು ಮೂಲೆ ಸೇರುತ್ತದೆ, ಇಲ್ಲವೇ ಪಂಪಿನ ನೀರು ಚಿಮ್ಮುವ ಕಡೆ ಮುಖ ಮಾಡಿ ನಿಂತೇ ಇರುತ್ತದೆ. ಉಸಿರಾಟ ತುಂಬಾ ಜೋರಾಗಿರುತ್ತದೆ, ತಿನ್ನುವುದು ನಿಂತುಹೋಗುತ್ತದೆ.

ಮೂರನೆಯದು ಬ್ರೂಕ್ಲಿನೆಲ್ಲಾ. ಇದು ಹೆಚ್ಚಾಗಿ ಕ್ಲೌನ್ ಮೀನುಗಳಿಗೆ, ಅದರಲ್ಲೂ ಸಮುದ್ರದಿಂದ ಹಿಡಿದು ತಂದವಕ್ಕೆ ಬರುತ್ತದೆ. ಚುಕ್ಕೆ ಇರುವುದಿಲ್ಲ. ಮೈಯಿಂದ ಲೋಳೆ ಪದರ ಪದರವಾಗಿ ಬಿಡುತ್ತದೆ, ಬಣ್ಣ ಮಂಕಾಗುತ್ತದೆ. ಇದು ಮೀನಿನ ಮೈಮೇಲೇ ಒಂದು ಎರಡಾಗಿ ಹೆಚ್ಚುತ್ತಾ ಹೋಗುವುದರಿಂದ ತುಂಬಾ ಬೇಗ ಉಲ್ಬಣಿಸುತ್ತದೆ. ತಾಮ್ರವನ್ನು ಇದರ ಮೇಲೆ ನಂಬಿಕೊಳ್ಳುವ ಹಾಗಿಲ್ಲ.

ನಾಲ್ಕನೆಯದು ಫ್ಲೂಕ್, ಅಂದರೆ ಚಪ್ಪಟೆ ಹುಳು. ಚರ್ಮದ ಮೇಲೆ ಇರುವವು, ಕಿವಿರಿನಲ್ಲಿ ಇರುವವು ಅಂತ ಎರಡು ಬಗೆ. ಚರ್ಮದ್ದರಲ್ಲಿ ನಿಯೋಬೆನಿಡೀನಿಯಾ ಅತಿ ಸಾಮಾನ್ಯ. ಗಾಜಿನಂತೆ ಪಾರದರ್ಶಕ ಆದ್ದರಿಂದ ಮೀನಿನ ಮೈಮೇಲೆ ಇದ್ದರೂ ಕಾಣುವುದಿಲ್ಲ. ಮೀನು ಮೈ ಉಜ್ಜುವುದು, ತಲೆ ಕೊಡವುವುದು, ಆಕಳಿಸಿದಂತೆ ಬಾಯಿ ತೆರೆಯುವುದು, ಕಣ್ಣು ಮಬ್ಬಾಗುವುದು ಇದರ ಗುರುತು.

ಹಸಿರು ಕ್ರೋಮಿಸ್ ಮೀನುಗಳ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯೂರೋನೀಮಾ ಇರಬಹುದು. ಅದು ಮಾಂಸದೊಳಗೆ ಇಳಿಯುವುದರಿಂದ ಉಳಿಸುವುದು ಬಹಳ ಕಷ್ಟ. ಅಂಗಡಿಯ ಟ್ಯಾಂಕಿನಲ್ಲಿ ಒಂದು ಕ್ರೋಮಿಸ್‌ಗೆ ಹೀಗಿದ್ದರೂ ಆ ಟ್ಯಾಂಕಿನಿಂದ ಏನನ್ನೂ ಕೊಳ್ಳಬೇಡಿ.

ಹಂತ 1: ಟ್ಯಾಂಕ್ ಸಜ್ಜು ಮಾಡುವುದು

ಮೀನು ತರುವ ಮೂರು ನಾಲ್ಕು ವಾರ ಮೊದಲೇ ಇದು ಶುರುವಾಗಬೇಕು. ಒಂದು ಸಣ್ಣ ಸ್ಪಾಂಜ್ ಫಿಲ್ಟರನ್ನು ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ಅದರ ನೀರು ಸುತ್ತುವ, ಫಿಲ್ಟರ್ ಇಡುವ ತೊಟ್ಟಿ) ಹಾಕಿಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರುತ್ತವೆ. ಕ್ವಾರಂಟೈನ್‌ನಲ್ಲಿ ರೋಗಕ್ಕಿಂತ ಅಮೋನಿಯಾದಿಂದ ಸಾಯುವ ಮೀನುಗಳು ಕಡಿಮೆಯೇನಲ್ಲ. ಈಗಿರುವ ಟ್ಯಾಂಕಿನಲ್ಲಿ ರೋಗದ ಅನುಮಾನ ಇದ್ದರೆ ಮಾತ್ರ ಈ ದಾರಿ ಬೇಡ, ಬಾಟಲಿ ಬ್ಯಾಕ್ಟೀರಿಯಾ ಬಳಸಿ ಬೇರೆಯಾಗಿಯೇ ಸೈಕಲ್ ಮಾಡಿ, ಅಂದರೆ ಆ ಬ್ಯಾಕ್ಟೀರಿಯಾ ನೆಲೆಯೂರಲು ಬಿಡಿ.

ಕ್ಲೌನ್, ಡ್ಯಾಮ್ಸೆಲ್, ಗೋಬಿಯಂತಹ ಸಣ್ಣ ಮೀನಿಗೆ 60 ಸೆಂ.ಮೀ. ಉದ್ದ, 30 ಅಗಲ, 36 ನೀರಿನ ಎತ್ತರ ಇರುವ ಟ್ಯಾಂಕ್ ಸಾಕು. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿ. ಸುಮಾರು 65 ಲೀಟರ್ ಬಂತು. ಈ ಲೆಕ್ಕವನ್ನು ಟ್ಯಾಂಕಿನ ಮೇಲೇ ಬರೆದು ಅಂಟಿಸಿ. ಎಲ್ಲ ಔಷಧದ ಅಳತೆಯೂ ಇದರ ಮೇಲೆಯೇ ನಿಂತಿದೆ. ಗಾಜಿನ ಎತ್ತರ ಹಿಡಿಯಬೇಡಿ, ನೀರಿನ ಎತ್ತರ ಹಿಡಿಯಿರಿ. ಪೌಡರ್ ಬ್ಲೂ ಟ್ಯಾಂಗ್‌ನಂತಹ ಓಡಾಡುವ ಮೀನಿಗೆ ಇದರ ಎರಡರಷ್ಟಾದರೂ ಬೇಕು.

ತಳಕ್ಕೆ ಮರಳು ಬೇಡ, ಕಲ್ಲು ಬೇಡ, ಹವಳದ ಚೂರಂತೂ ಬೇಡವೇ ಬೇಡ. ಸುಣ್ಣದಂಶ ಇರುವುದೆಲ್ಲ ತಾಮ್ರವನ್ನು ಎಳೆದುಕೊಳ್ಳುತ್ತದೆ. ಅಡಗಿಕೊಳ್ಳಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ಎಲ್ಬೋ ಮತ್ತು ಟೀ ತಂದು, ತೊಳೆದು ಹಾಕಿ. ಅಡಗಲು ಜಾಗ ಇಲ್ಲದ ಮೀನು ಹೆದರಿಕೆಯಲ್ಲೇ ಸೊರಗುತ್ತದೆ.

ಹೀಟರ್, ಥರ್ಮಾಮೀಟರ್, ಏರ್ ಪಂಪ್, ಮೇಲೊಂದು ಮುಚ್ಚಳ ಇರಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಸಣ್ಣ ಟ್ಯಾಂಕಿನ ನೀರು ಬೇಗ ತಣ್ಣಗಾಗುತ್ತದೆ, ಹೀಟರ್ ಇಲ್ಲದೆ ಆಗುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರಿಗೆ ಬೇಸಿಗೆಯಲ್ಲಿ ಇದರ ಉಲ್ಟಾ ಚಿಂತೆ. ಅಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡಿ. 25ರಿಂದ 27 ಡಿಗ್ರಿ ಗುರಿ. ಕರೆಂಟ್ ಹೋದಾಗ ತಾನಾಗಿ ಓಡುವ ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ. ಔಷಧ ಹಾಕಿದ ನೀರಿನಲ್ಲಿ ಗಾಳಿ ನಿಂತರೆ ಮೀನು ಹೆಚ್ಚು ಹೊತ್ತು ತಡೆಯುವುದಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಕಡೆ ಒಂದು ಅಪಾಯ ಇದೆ, ಯಾರೂ ಹೇಳುವುದಿಲ್ಲ. ಈಗ ಮನೆಗೆ ಬರುವ ಎಷ್ಟೋ ಆರ್‌ಒ ಯಂತ್ರಗಳು ಕುಡಿಯುವ ನೀರಿಗೆ ಬೇಕೆಂದೇ ತಾಮ್ರ ಸೇರಿಸುತ್ತವೆ, ಖನಿಜವನ್ನೂ ಸೇರಿಸುತ್ತವೆ. ಅಂತಹ ನೀರಿನಲ್ಲಿ ಉಪ್ಪು ಕಲಸಿದರೆ ದೊಡ್ಡ ಟ್ಯಾಂಕಿನ ಸೀಗಡಿ, ಹವಳಕ್ಕೆ ಕುತ್ತು, ಕ್ವಾರಂಟೈನ್ ಟ್ಯಾಂಕಿನಲ್ಲಿ ಅಳತೆ ಹೆಚ್ಚುಕಡಿಮೆ. ತಾಮ್ರದ ಕಾರ್ಟ್ರಿಡ್ಜ್‌ಗೆ ಮೊದಲೇ ನೀರು ಹಿಡಿಯುವ ವ್ಯವಸ್ಥೆ ಮಾಡಿಸಿ, ಇಲ್ಲವೇ ಬೇರೆ ಆರ್‌ಒ ಇಡಿ. ತಾಮ್ರದ ಬಿಂದಿಗೆ, ಹಂಡೆಯಲ್ಲಿ ಉಪ್ಪುನೀರು ಕಲಸಲೇಬೇಡಿ.

ಬಲೆ, ಬಕೆಟ್, ಪೈಪ್, ಥರ್ಮಾಮೀಟರ್ ಎಲ್ಲ ಈ ಟ್ಯಾಂಕಿಗೇ ಬೇರೆ ಇರಬೇಕು. ಟೇಪ್ ಸುತ್ತಿ ಗುರುತು ಮಾಡಿ. ಸಾಧ್ಯವಾದರೆ ಬೇರೆ ರೂಮಿನಲ್ಲೇ ಇಡಿ, ಇಲ್ಲದಿದ್ದರೆ ದೊಡ್ಡ ಟ್ಯಾಂಕಿನಿಂದ 3 ಮೀಟರ್ ದೂರವಾದರೂ ಇರಲಿ. ಗುಳ್ಳೆ ಒಡೆದಾಗ ಚಿಮ್ಮುವ ಸಣ್ಣ ಹನಿಯಲ್ಲೂ ವೆಲ್ವೆಟ್ ಗಾಳಿಯಲ್ಲಿ ಹೋಗಬಲ್ಲದು.

ಹಂತ 2: ಮೀನು ಮನೆಗೆ ಬಂದ ದಿನ

ಹೊರಡುವ ಮೊದಲು ಅಂಗಡಿಯಲ್ಲಿ ಎರಡು ಮಾತು ಕೇಳಿ. ನಿಮ್ಮ ನೀರಿನ ಉಪ್ಪಿನ ಸಾಂದ್ರತೆ ಎಷ್ಟು? ತಾಮ್ರ ಹಾಕಿದ್ದೀರಾ? ಎಷ್ಟೋ ಅಂಗಡಿಯವರು ರೋಗ ಅದುಮಿಡಲು ಕಡಿಮೆ ಉಪ್ಪು, ಕಡಿಮೆ ತಾಮ್ರ ಇಟ್ಟಿರುತ್ತಾರೆ. ಅಲ್ಲಿ ಚೆನ್ನಾಗಿದ್ದ ಮೀನು ನಿಮ್ಮ ಮನೆಯಲ್ಲಿ ವಾರದೊಳಗೆ ಚುಕ್ಕೆ ತೋರಿಸುವುದಕ್ಕೆ ಇದೂ ಒಂದು ಕಾರಣ. ಮೀನು ತಿನ್ನುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಕ್ವಾರಂಟೈನ್ ಟ್ಯಾಂಕಿನ ಉಪ್ಪನ್ನು ಅಂಗಡಿಯ ನೀರಿಗೆ ಹೊಂದಿಸಿ. ಅವರದ್ದು ಸಾಪೇಕ್ಷ ಸಾಂದ್ರತೆಯಲ್ಲಿ (ಬರೀ ನೀರು 1.000) 1.020 ಇದ್ದರೆ ನಿಮ್ಮದೂ 1.020 ಇರಲಿ. ಆಮೇಲೆ ದಿನಕ್ಕೆ 0.001ರಿಂದ 0.002ರಂತೆ 1.025ಕ್ಕೆ ಏರಿಸಬಹುದು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪಿನ) ದ್ರಾವಣದಿಂದ ಸರಿಮಾಡಿಕೊಂಡು ಅಳೆಯಿರಿ.

ಚೀಲವನ್ನು ಬಿಚ್ಚದೆ 15–20 ನಿಮಿಷ ತೇಲಿಸಿ ಬಿಸಿ ಹೊಂದಿಸಿ. ಬಿಚ್ಚಿದ ಮೇಲೆ ತಡ ಮಾಡಬೇಡಿ. ಬಹಳ ಹೊತ್ತು ಕಟ್ಟಿದ್ದ ಚೀಲದಲ್ಲಿ ಅಮೋನಿಯಾ ಸೇರಿಕೊಂಡಿರುತ್ತದೆ, ಇಂಗಾಲದ ಡೈಆಕ್ಸೈಡ್ ಪಿಎಚ್ ಅನ್ನು ಕೆಳಗೆ ಹಿಡಿದಿರುತ್ತದೆ. ಚೀಲ ತೆರೆದ ಕೂಡಲೇ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದರೊಂದಿಗೆ ಅಮೋನಿಯಾದ ವಿಷವೂ ಏರುತ್ತದೆ. ದೂರದಿಂದ ಬಂದ ಮೀನಿಗೆ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುವುದು ಉಪಕಾರವಲ್ಲ. ಉಪ್ಪು, ಬಿಸಿ ಹೊಂದಿದ್ದರೆ ನೇರವಾಗಿ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೀಳಬಾರದು.

ಮೊದಲ ಎರಡು ಮೂರು ದಿನ ಔಷಧ ಬೇಡ. ದೀಪ ಮಂದ ಇರಲಿ, ಸುತ್ತ ಜನ ಓಡಾಡದಿರಲಿ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ತಿನ್ನಿಸಿ. ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಅಂತ ಎಣಿಸಿ ಬರೆದಿಡಿ. ಆ ಮೀನಿನ ಮಾಮೂಲಿ ಲೆಕ್ಕ ಗೊತ್ತಿದ್ದರೆ, ಮುಂದೆ ಏರಿದಾಗ ಕಣ್ಣಿಗೆ ಏನೂ ಕಾಣದಿದ್ದರೂ ತೊಂದರೆ ಶುರುವಾಗಿದೆ ಅಂತ ತಿಳಿಯುತ್ತದೆ. ವೆಲ್ವೆಟ್ ಅಥವಾ ಬ್ರೂಕ್ಲಿನೆಲ್ಲಾ ಲಕ್ಷಣ ಇದ್ದರೆ ಮಾತ್ರ ಈ ವಿರಾಮ ಇಲ್ಲ, ಅದೇ ದಿನ ಚಿಕಿತ್ಸೆ.

ಲಕ್ಷಣ ಇಲ್ಲದ ಮೀನಿಗೂ ತಾಮ್ರ ಕೊಡಬೇಕಾ? ಇದರಲ್ಲಿ ಎರಡು ಅಭಿಪ್ರಾಯ ಇದೆ. ಸಮುದ್ರದಿಂದ ಹಿಡಿದು, ಸಗಟು ವ್ಯಾಪಾರಿ, ಅಂಗಡಿ ದಾಟಿ ಬಂದ ಮೀನಿಗೆ ಕೊಡಲೇಬೇಕು ಅನ್ನುವವನು ನಾನು. ಟ್ಯಾಂಗ್ ಆದರಂತೂ ಯೋಚಿಸುವುದೇ ಬೇಡ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನನ್ನು ಬೆಳೆಸಿದವರಿಂದಲೇ ನೇರವಾಗಿ ತಂದಿದ್ದರೆ ನಾಲ್ಕು ವಾರ ನೋಡಿಕೊಂಡರೆ ಸಾಕು. ಕ್ಲೌನ್ ಮೀನನ್ನು ಮೊಟ್ಟೆಯಿಂದ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಸಾಧ್ಯವಾದಲ್ಲೆಲ್ಲ ಅಂತಹ ಮೀನನ್ನೇ ಕೊಳ್ಳಿ.

ಹಂತ 3: ಸಿಹಿನೀರಿನ ಸ್ನಾನ

ಫ್ಲೂಕ್ ಇದೆಯೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಸುಲಭ ದಾರಿ ಇಲ್ಲ. ಗಟ್ಟಿಮುಟ್ಟಾಗಿ ತಿನ್ನುತ್ತಿರುವ ಮೀನಿಗೆ ಮಾತ್ರ ಮಾಡಿ.

ಕಪ್ಪು ಬಣ್ಣದ ಬಕೆಟ್ ತೆಗೆದುಕೊಳ್ಳಿ. 5–6 ಲೀಟರ್ ಆರ್‌ಒ ನೀರು ಹಾಕಿ, ಒಂದು ಗಂಟೆ ಏರ್ ಸ್ಟೋನ್ ಓಡಿಸಿ. ಬಿಸಿ ಟ್ಯಾಂಕಿನದ್ದಕ್ಕೆ ಸಮ ಇರಬೇಕು, ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಪಿಎಚ್ ಅನ್ನು 8.2ರ ಆಸುಪಾಸಿಗೆ ತನ್ನಿ. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬೇಡಿ.

ಮೀನನ್ನು ಬಿಟ್ಟ ಕೂಡಲೇ ಅದು ಒಂದು ಕಡೆಗೆ ವಾಲಬಹುದು, ತಳಕ್ಕೆ ಕೂರಬಹುದು. ಅರ್ಧ ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತದೆ. ಗಡಿಯಾರ ನೋಡುತ್ತಾ 5 ನಿಮಿಷ ಇಡಿ. ಎರಡನೆಯ ಮೂರನೆಯ ನಿಮಿಷಕ್ಕೆ, ಅಷ್ಟು ಹೊತ್ತು ಏನೂ ಇಲ್ಲದ ಮೈಮೇಲೆ ಬಿಳಿ ಬಿಳಿ ಬಿಲ್ಲೆಗಳು ಮೂಡತೊಡಗುತ್ತವೆ. ಪಾರದರ್ಶಕವಾಗಿದ್ದ ಹುಳುಗಳು ಸಿಹಿನೀರಿನಲ್ಲಿ ಉಬ್ಬಿ ಬೆಳ್ಳಗಾಗುವುದು ಅದು. ಒಂದೊಂದೇ ಕಳಚಿ ಕಪ್ಪು ತಳದ ಮೇಲೆ ಬೀಳುತ್ತವೆ. ಕೆಲವು 2 ಮಿ.ಮೀ., ಕೆಲವು 5 ಮಿ.ಮೀ. ಕೂಡ ಇರುತ್ತವೆ. ಮೀನು ಬಾಯಿ ತೆರೆದು ಚಡಪಡಿಸುತ್ತಲೇ ಇದ್ದರೆ, ಅಥವಾ ಅಲುಗಾಡದೆ ಒರಗಿಬಿಟ್ಟರೆ 5 ನಿಮಿಷ ಕಾಯದೆ ಎತ್ತಿ ವಾಪಸ್ ಬಿಡಿ.

ಹುಳು ಬಿದ್ದವು ಅಂತ ಕೆಲಸ ಮುಗಿಯಲಿಲ್ಲ. ಮೊಟ್ಟೆಗಳು ಟ್ಯಾಂಕಿನಲ್ಲಿವೆ, ಕಿವಿರಿನೊಳಗೆ ಕೆಲವು ಉಳಿದಿರುತ್ತವೆ. ಚರ್ಮದೊಳಗಿನ ಇಚ್‌ಗೂ ಈ ಸ್ನಾನ ಔಷಧವಲ್ಲ.

ಹಂತ 4: ತಾಮ್ರ

ಇಚ್ ಮತ್ತು ವೆಲ್ವೆಟ್ ಎರಡಕ್ಕೂ ನಂಬಬಹುದಾದ ಮದ್ದು ತಾಮ್ರ. ಆದರೆ ತಾಮ್ರದಲ್ಲಿ ಬಗೆಗಳಿವೆ, ಪ್ರತಿಯೊಂದಕ್ಕೂ ಅಳತೆ ಬೇರೆ. ಸೀಕೆಮ್ ಕಂಪನಿಯ ಕುಪ್ರಮೈನ್ ಆದರೆ 0.5 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಅರ್ಧ ಪಾಲು. ಕಾಪರ್ ಪವರ್‌ನಂತಹ ಕೀಲೇಟೆಡ್ ತಾಮ್ರ (ಬೇರೆ ಅಣುವಿಗೆ ಕಟ್ಟಿಟ್ಟ ತಾಮ್ರ) ಆದರೆ 2.0ರಿಂದ 2.5 ಪಿಪಿಎಂ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿದರೆ ಮೀನು ಸಾಯುತ್ತದೆ ಅಥವಾ ರೋಗ ಉಳಿಯುತ್ತದೆ. ಮೈಲುತುತ್ತ ತಂದು ಮನೆಯಲ್ಲೇ ಕಲಸಿ ಹಾಕುವ ಸಾಹಸ ಬೇಡ. ಅದರಲ್ಲಿ ಮದ್ದಿನ ಅಳತೆಗೂ ವಿಷದ ಅಳತೆಗೂ ಅಂತರ ತೀರಾ ಕಡಿಮೆ.

ಕುಪ್ರಮೈನ್ ಲೆಕ್ಕ ಹೇಳುತ್ತೇನೆ. 40 ಲೀಟರ್‌ಗೆ 1 ಮಿ.ಲೀ. ಹಾಕಿದರೆ 0.25 ಪಿಪಿಎಂ ಬರುತ್ತದೆ. ನಮ್ಮ 65 ಲೀಟರ್ ಟ್ಯಾಂಕಿಗೆ ಸುಮಾರು 1.6 ಮಿ.ಲೀ. 48 ಗಂಟೆ ಬಿಟ್ಟು ಮತ್ತೆ 1.6 ಮಿ.ಲೀ. ಹಾಕಿದರೆ 0.5ಕ್ಕೆ ಮುಟ್ಟುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು, ಒಂದು ಲೋಟ ಟ್ಯಾಂಕಿನ ನೀರಿನಲ್ಲಿ ಕಲಸಿ, ಪಂಪಿನ ಹತ್ತಿರ ನಿಧಾನವಾಗಿ ಸುರಿಯಿರಿ. ಕುಬ್ಜ ಏಂಜಲ್, ರಾಸ್ ಮೀನುಗಳಿಗೆ ಇದೇ ಮೊತ್ತವನ್ನು ನಾಲ್ಕೈದು ದಿನದಲ್ಲಿ ಹಂಚಿ ಕೊಡಿ.

ಅಳೆಯದೆ ತಾಮ್ರ ಹಾಕಬೇಡಿ. ಹಾನಾ ಕಂಪನಿಯ ಎಚ್‌ಐ702 ಡಿಜಿಟಲ್ ಚೆಕರ್ ಬೆಲೆ ಜಾಸ್ತಿ, ಆದರೂ ಕೊಳ್ಳಿ. ಬಣ್ಣ ಹೋಲಿಸುವ ಕಿಟ್‌ನಲ್ಲಿ 0.4ಕ್ಕೂ 0.6ಕ್ಕೂ ವ್ಯತ್ಯಾಸ ಹೇಳುವುದು ಯಾರಿಗೂ ಸುಲಭವಲ್ಲ. ಚೆಕರ್ ಬಳಸುವಾಗ ಗಾಜಿನ ಕುಪ್ಪಿಯನ್ನು ಒರೆಸಿ, ಬೆರಳಿನ ಗುರುತು ಇಲ್ಲದಂತೆ ಒಳಗಿಡಿ. ಮೊದಲು ಪುಡಿ ಹಾಕದ ನೀರಿನಲ್ಲಿ ಸೊನ್ನೆಗೆ ತನ್ನಿ, ಆಮೇಲೆ ಪುಡಿ ಹಾಕಿ ಅಳೆಯಿರಿ. ಎರಡಕ್ಕೂ ಅದೇ ಕುಪ್ಪಿ. ಮೊದಲ ವಾರ ದಿನಾ, ಆಮೇಲೆ ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ.

ದಿನಗಳ ಎಣಿಕೆ ಶುರುವಾಗುವುದು ಪೂರ್ತಿ ಅಳತೆ ಮುಟ್ಟಿದ ದಿನದಿಂದ. ಅದೇ ಟ್ಯಾಂಕಿನಲ್ಲಿ ಇಡುವುದಾದರೆ 30 ದಿನ. 14 ದಿನ ಮುಗಿಸಿ, ರೋಗ ಇಲ್ಲದ ಬೇರೆ ಟ್ಯಾಂಕಿಗೆ ಎತ್ತಿ ಬಿಡುವುದಾದರೆ 14 ದಿನ ಸಾಕು. 14 ದಿನದೊಳಗೆ ಮೈಮೇಲಿನವೆಲ್ಲ ಉದುರಿರುತ್ತವೆ, ತಾಮ್ರ ಇರುವುದರಿಂದ ಹೊಸವು ಹತ್ತಿರುವುದಿಲ್ಲ. ಕವಚ ಕಟ್ಟಿದವು ಹಳೆ ಟ್ಯಾಂಕಿನಲ್ಲೇ ಉಳಿಯುತ್ತವೆ. ಇನ್ನೊಂದು ಟ್ಯಾಂಕ್ ಹೊಂದಿಸಲು ಸಾಧ್ಯವಿದ್ದರೆ ನಾನು ಹೇಳುವುದು ಈ 14 ದಿನದ ದಾರಿಯನ್ನೇ. ಮೀನಿನ ಮೇಲೆ ತಾಮ್ರದ ಭಾರ ಅರ್ಧ ಇಳಿಯುತ್ತದೆ. ನಡುವೆ ಒಂದು ದಿನ ಅಳತೆ ಕೆಳಗಿಳಿದರೂ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡಿ. ಬೇಜಾರಾಗುತ್ತದೆ, ಆದರೆ ಆ ಒಂದು ದಿನದಲ್ಲಿ ಹೊರಬಂದ ಮರಿಗಳು ಮೀನಿನ ಚರ್ಮ ಸೇರಿರಬಹುದು.

ಅಮೋನಿಯಾ ಏರಿದರೆ ನೀರು ಬದಲಿಸಿ. ತೆಗೆದಷ್ಟು ನೀರಿಗೆ ತಕ್ಕ ತಾಮ್ರವನ್ನು ಹೊಸ ನೀರಿಗೆ ಮೊದಲೇ ಕಲಸಿ ಹಾಕಿ. 20 ಲೀಟರ್ ಬದಲಿಸಿದರೆ 1 ಮಿ.ಲೀ. ಕುಪ್ರಮೈನ್. ಆವಿಯಾದ ನೀರಿಗೆ ಮಾತ್ರ ಬರೀ ಆರ್‌ಒ ನೀರು, ಅದಕ್ಕೆ ತಾಮ್ರ ಬೇಡ. ಫಿಲ್ಟರ್‌ನಲ್ಲಿ ಕಾರ್ಬನ್ (ಇದ್ದಿಲು) ಇದ್ದರೆ ತೆಗೆದಿಡಿ, ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಅಮೋನಿಯಾ ಹಿಡಿದಿಡುವ, ಕ್ಲೋರಿನ್ ತೆಗೆಯುವ ದ್ರಾವಣಗಳನ್ನು ಕುಪ್ರಮೈನ್ ಜೊತೆ ಹಾಕಲೇಬೇಡಿ. ಅವು ತಾಮ್ರವನ್ನು ಮೀನಿಗೆ ಹೆಚ್ಚು ವಿಷವಾಗುವ ರೂಪಕ್ಕೆ ತಿರುಗಿಸುತ್ತವೆ. ಮೀನು ತಿನ್ನುವುದನ್ನು ಪೂರ್ತಿ ಬಿಟ್ಟು ತಳದಲ್ಲಿ ಬಿದ್ದುಕೊಂಡರೆ ಅರ್ಧ ನೀರು ಬದಲಿಸಿ, ಕಾರ್ಬನ್ ಹಾಕಿ, ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಏರಿಸಿ.

ಹಂತ 5: ಫ್ಲೂಕ್‌ಗೆ ಪ್ರಾಜಿಕ್ವಾಂಟೆಲ್

ತಾಮ್ರ ಹುಳುಗಳನ್ನು ಕೊಲ್ಲುವುದಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಲೀಟರ್‌ಗೆ 2.5 ಮಿ.ಗ್ರಾಂ. ಲೆಕ್ಕದಲ್ಲಿ, 65 ಲೀಟರ್‌ಗೆ ಸುಮಾರು 160 ಮಿ.ಗ್ರಾಂ. ಅಕ್ವೇರಿಯಂಗೆಂದೇ ಮಾಡಿದ ದ್ರಾವಣ ಸಿಕ್ಕರೆ ಅದರ ಲೇಬಲ್ ನೋಡಿ ಹಾಕಿ. ಶುದ್ಧ ಪುಡಿ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ನಾಯಿಗೆ ಕೊಡುವ ಜಂತುಹುಳು ಮಾತ್ರೆಯಲ್ಲಿ ಬೇರೆ ಔಷಧಗಳೂ ಸೇರಿರುತ್ತವೆ, ಅದನ್ನು ಪುಡಿಮಾಡಿ ಹಾಕಬೇಡಿ.

ಇದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ನಿಯೋಬೆನಿಡೀನಿಯಾದ ಮೊಟ್ಟೆಗೆ ಉದ್ದನೆಯ ಎಳೆ ಇರುತ್ತದೆ, ಅದು ಬಲೆಗೂ ಸ್ಪಾಂಜ್‌ಗೂ ಸಿಕ್ಕಿಕೊಳ್ಳುತ್ತದೆ. ನಮ್ಮ ಟ್ಯಾಂಕಿನ ಬಿಸಿಯಲ್ಲಿ ಸುಮಾರು ವಾರದೊಳಗೆ ಒಡೆಯುತ್ತದೆ. ಅದಕ್ಕೇ ಎರಡು ಸಲ ಹಾಕಬೇಕು, ನಡುವೆ 7 ದಿನ. ಒಡೆದು ಬಂದ ಹುಳು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲು ಎರಡನೆಯ ಡೋಸ್ ಬಿದ್ದಿರಬೇಕು.

ನಾನು ಇಷ್ಟಪಡುವ ಕ್ರಮ ಇದು. ತಾಮ್ರ ಪೂರ್ತಿ ಏರಿದ 7ನೇ ದಿನ ಮೊದಲ ಡೋಸ್, 14ನೇ ದಿನ ಎರಡನೆಯದು, ಒಂದೆರಡು ದಿನ ಬಿಟ್ಟು ಶುದ್ಧ ಟ್ಯಾಂಕಿಗೆ ವರ್ಗ. ಇಚ್‌ನ ಕವಚವೂ ಫ್ಲೂಕ್‌ನ ಮೊಟ್ಟೆಯೂ ಒಟ್ಟಿಗೆ ಹಿಂದೆ ಉಳಿಯುತ್ತವೆ. ಪ್ರಾಜಿಕ್ವಾಂಟೆಲ್ ಹಾಕಿದಾಗ ನೀರು ಬಿಳಿಚಿಕೊಂಡು ಆಮ್ಲಜನಕ ಇಳಿಯಬಹುದು. ಇನ್ನೊಂದು ಏರ್ ಸ್ಟೋನ್ ಹಾಕಿ. ಮೀನು ಎರಡು ಔಷಧವನ್ನೂ ಒಟ್ಟಿಗೆ ತಾಳದೆ ತಿನ್ನುವುದು ಬಿಟ್ಟರೆ, ತಾಮ್ರ ಮುಗಿಸಿ ಹೊಸ ಟ್ಯಾಂಕಿನಲ್ಲಿ ಪ್ರಾಜಿಕ್ವಾಂಟೆಲ್ ಕೊಡಿ.

ತಾಮ್ರ ತಾಳದ ಮೀನಿಗೆ: ಟ್ಯಾಂಕ್ ಬದಲಿಸುವ ವಿಧಾನ

ಮ್ಯಾಂಡರಿನ್‌ನಂತಹ ಮೀನುಗಳಿಗೆ ತಾಮ್ರ ಬೇಡ. (ಸಮುದ್ರ ಕುದುರೆಗೆ ಯಾವ ಔಷಧ ಅಂತ ಕೇಳುವವರಿದ್ದಾರೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಜೀವಿ, ಹವಳವೂ ಅಷ್ಟೇ. ನೇತ್ರಾಣಿ ದ್ವೀಪದಂತಹ ಕಡೆಯಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಒಪ್ಪಬೇಡಿ.)

ಇಚ್‌ಗೆ ಔಷಧವೇ ಇಲ್ಲದ ಒಂದು ದಾರಿ ಇದೆ. ಮೈಯಿಂದ ಉದುರಿದ ಜೀವಿ ಮರಿ ಮಾಡಲು ಕಡಿಮೆ ಅಂದರೂ 3 ದಿನ ಬೇಕು ಅಂದೆನಲ್ಲ. ಅಷ್ಟರೊಳಗೆ ಮೀನನ್ನೇ ಬೇರೆ ಟ್ಯಾಂಕಿಗೆ ಎತ್ತಿಬಿಟ್ಟರೆ? ಮೊದಲ ದಿನ ಟ್ಯಾಂಕ್ ಒಂದರಲ್ಲಿ ಬಿಡಿ. 4ನೇ ದಿನ ಎರಡಕ್ಕೆ, 7ನೇ ದಿನ ಮತ್ತೆ ಒಂದಕ್ಕೆ, 10ನೇ ದಿನ ಎರಡಕ್ಕೆ, 13ನೇ ದಿನ ಶುದ್ಧವಾದ ಕೊನೆಯ ಟ್ಯಾಂಕಿಗೆ. ಎರಡು ಬದಲಾವಣೆಯ ನಡುವೆ 72 ಗಂಟೆ ದಾಟಬಾರದು. ಬೆಳಗ್ಗೆ ದೀಪ ಹಾಕುವ ಮೊದಲು ಮಾಡಿ, ಏಕೆಂದರೆ ಇಚ್ ಹೆಚ್ಚಾಗಿ ಕತ್ತಲಲ್ಲಿ ಉದುರುತ್ತದೆ. ಹಳೆ ಟ್ಯಾಂಕಿನ ಒಂದು ಹನಿ ನೀರೂ ಹೊಸದಕ್ಕೆ ಬರಬಾರದು. ಖಾಲಿಯಾದ ಟ್ಯಾಂಕ್, ಪೈಪ್, ಏರ್ ಸ್ಟೋನ್ ಎಲ್ಲವನ್ನೂ ತೊಳೆದು ಒಂದು ಪೂರ್ತಿ ದಿನವಾದರೂ ಒಣಗಿಸಿ.

ಮುಚ್ಚಳ ಇರುವ ಎರಡು ಪ್ಲಾಸ್ಟಿಕ್ ಡಬ್ಬಗಳಿದ್ದರೂ ಈ ಕೆಲಸ ನಡೆಯುತ್ತದೆ. ಆದರೆ ಇದು ಇಚ್‌ಗೆ ಮಾತ್ರ. ವೆಲ್ವೆಟ್‌ಗೆ, ಬ್ರೂಕ್ಲಿನೆಲ್ಲಾಗೆ ಇದನ್ನು ನಂಬಬೇಡಿ.

ಬ್ರೂಕ್ಲಿನೆಲ್ಲಾ ಬಂದರೆ

ಇಲ್ಲಿ ಕೆಲಸ ಮಾಡುವುದು ಫಾರ್ಮಾಲಿನ್. ಇದು ಕ್ಯಾನ್ಸರ್ ತರಬಲ್ಲ ರಾಸಾಯನಿಕ, ಹಾಗಾಗಿ ಹಗುರವಾಗಿ ತೆಗೆದುಕೊಳ್ಳಬೇಡಿ. ಕೈಗವಸು, ಕನ್ನಡಕ ಹಾಕಿ. ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಮಾಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೀನಿನ ಬಗ್ಗೆ ತಿಳಿದ ಪಶುವೈದ್ಯರೋ ಮೀನುಗಾರಿಕೆ ಕಾಲೇಜಿನವರೋ ಸಿಕ್ಕರೆ ಅವರ ಮಾತು ಕೇಳಿಯೇ ಮುಂದುವರಿಯಿರಿ.

10 ಲೀಟರ್ ಉಪ್ಪುನೀರಿಗೆ 37% ಫಾರ್ಮಾಲಿನ್ 1.5 ಮಿ.ಲೀ. ಇದು 150 ಪಿಪಿಎಂ. ನಮ್ಮ ಬಿಸಿ ನೀರಿಗೆ ಇದಕ್ಕಿಂತ ಜಾಸ್ತಿ ಬೇಡ. ಏರ್ ಸ್ಟೋನ್ ಜೋರಾಗಿ ಓಡುತ್ತಿರಲಿ. 45 ನಿಮಿಷ ಮೀನಿನ ಪಕ್ಕದಿಂದ ಏಳಬೇಡಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಆ ಫಾರ್ಮಾಲಿನ್ ಬಳಸಬೇಡಿ, ಅದು ಮೀನಿಗೆ ಇನ್ನೂ ವಿಷ. ಸ್ನಾನ ಮುಗಿದ ಮೇಲೆ ಹಳೆ ಟ್ಯಾಂಕಿಗೆ ಬಿಡದೆ ಶುದ್ಧ ಟ್ಯಾಂಕಿಗೇ ಬಿಡಿ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ತಾಮ್ರ ಇರುವ ನೀರಿಗೆ ಫಾರ್ಮಾಲಿನ್ ಬೆರೆಸಬೇಡಿ.

ನಂಬಬಾರದ ಮದ್ದುಗಳು

ಬೆಳ್ಳುಳ್ಳಿ ರಸ ಹಚ್ಚಿದ ಆಹಾರದಿಂದ ಮೀನಿಗೆ ಹಸಿವು ಹೆಚ್ಚಬಹುದು, ಪರಾವಲಂಬಿ ಸಾಯುವುದಿಲ್ಲ. ಕ್ಲೀನರ್ ಸೀಗಡಿ ಚರ್ಮದೊಳಗಿನ ಇಚ್ ಅನ್ನು ತೆಗೆಯಲಾರದು. ಯುವಿ ದೀಪ ತನ್ನ ಮೂಲಕ ಹಾದುಹೋದ ಮರಿಗಳನ್ನಷ್ಟೇ ಕೊಲ್ಲುತ್ತದೆ. ಹವಳಕ್ಕೆ ತೊಂದರೆ ಇಲ್ಲದ ಇಚ್ ಔಷಧ ಅಂತ ಮಾರುವ ಬಾಟಲಿಗಳಿಗೆ ದುಡ್ಡು ಹಾಕುವ ಬದಲು ಆ ದುಡ್ಡಿಗೆ ಎರಡನೆಯ ಟ್ಯಾಂಕ್ ತನ್ನಿ.

ಉಪ್ಪನ್ನು 1.009ಕ್ಕೆ ಇಳಿಸುವ ವಿಧಾನ ಸುಳ್ಳಲ್ಲ. ಇಚ್‌ಗೆ ಅದು ಎಷ್ಟೋ ಸಲ ಕೆಲಸ ಮಾಡುತ್ತದೆ. ಆದರೆ ಅದನ್ನೂ ತಾಳುವ ತಳಿಗಳಿವೆ, ವೆಲ್ವೆಟ್ ಅಂತೂ ಅಲ್ಲಿ ಆರಾಮಾಗಿರುತ್ತದೆ. ಯಾವ ರೋಗ ಅಂತ ಖಚಿತ ಇಲ್ಲದಾಗ ಅದನ್ನು ಹಿಡಿಯಬೇಡಿ.

ಹಂತ 6: ಕೊನೆಯ ಎರಡು ವಾರ

ಔಷಧ ಇಲ್ಲದ ಶುದ್ಧ ಟ್ಯಾಂಕಿನಲ್ಲಿ ಮೀನನ್ನು ಇನ್ನೂ ಎರಡು ವಾರ ಇಡಿ. ಚೆನ್ನಾಗಿ ತಿನ್ನಿಸಿ, ಮೈ ತುಂಬಲಿ. ರಾತ್ರಿ ಟಾರ್ಚ್ ಹಿಡಿದು ನೋಡುವುದನ್ನು ನಿಲ್ಲಿಸಬೇಡಿ. ಕೊನೆಗೆ ಇನ್ನೊಂದು ಸಿಹಿನೀರಿನ ಸ್ನಾನ ಮಾಡಿಸಿ ನೋಡಿ. ಬಕೆಟ್ಟಿನ ತಳದಲ್ಲಿ ಏನೂ ಬೀಳದಿದ್ದರೆ, ಉಸಿರಾಟ ಮೊದಲು ಬರೆದಿಟ್ಟ ಲೆಕ್ಕದ ಹತ್ತಿರ ಇದ್ದರೆ, ದೊಡ್ಡ ಟ್ಯಾಂಕಿಗೆ ಬಿಡಬಹುದು. ಎಲ್ಲ ಸೇರಿ ಐದು ವಾರದ ಆಸುಪಾಸು ಆಗುತ್ತದೆ.

ದೊಡ್ಡ ಟ್ಯಾಂಕಿನಲ್ಲಿ ಈಗಾಗಲೇ ಇಚ್ ಇದ್ದರೆ ಈ ಶ್ರಮ ವ್ಯರ್ಥ. ಅಲ್ಲಿರುವ ಎಲ್ಲ ಮೀನುಗಳನ್ನೂ, ಒಂದನ್ನೂ ಬಿಡದೆ, ಕ್ವಾರಂಟೈನ್‌ಗೆ ತಂದು ಇದೇ ಚಿಕಿತ್ಸೆ ಕೊಡಿ. ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ನಡೆಸಿ. ಹವಳ, ಸೀಗಡಿ ಅಲ್ಲೇ ಇರಲಿ, ಅವುಗಳ ಮೇಲೆ ಇಚ್ ಬದುಕುವುದಿಲ್ಲ. ಆದರೆ ಚಿಪ್ಪಿನ ಮೇಲೆ, ಹವಳದ ಬುಡದ ಕಲ್ಲಿನ ಮೇಲೆ ಕವಚ ಅಂಟಿರಬಹುದು. ಹೊಸ ಬಸವನಹುಳು, ಹವಳ ತಂದರೂ ಅವಕ್ಕೆ ಅಷ್ಟೇ ದಿನ ಮೀನಿಲ್ಲದ ಬೇರೆ ಟ್ಯಾಂಕಿನ ವಾಸ.

ಕೆಲಸ ಮುಗಿದ ಟ್ಯಾಂಕನ್ನು ಹಾಗೇ ಮೂಲೆಗೆ ತಳ್ಳಬೇಡಿ. ತಾಮ್ರದ ನೀರನ್ನು ಗಿಡಕ್ಕೋ ಕೆರೆಗೋ ಸುರಿಯದೆ ಒಳಚರಂಡಿಗೆ ಬಿಡಿ. ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಮನೆಯ ಬ್ಲೀಚ್ ದ್ರಾವಣ ಬೆರೆಸಿ, ಟ್ಯಾಂಕ್, ಪಿವಿಸಿ, ಬಲೆಗಳನ್ನು ಅರ್ಧ ಗಂಟೆ ನೆನೆಸಿ. ಚೆನ್ನಾಗಿ ತೊಳೆದು, ಬ್ಲೀಚ್ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಿ. ತಾಮ್ರ ಕುಡಿದ ಸ್ಪಾಂಜನ್ನು ದೊಡ್ಡ ಟ್ಯಾಂಕಿನ ಸಂಪ್‌ಗೆ ವಾಪಸ್ ಹಾಕಬೇಡಿ. ಅದನ್ನು ಎಸೆದು, ಮುಂದಿನ ಮೀನಿಗೆ ಹೊಸ ಸ್ಪಾಂಜ್ ಹಾಕಿಡಿ.